ಬೇರೆ ಯಾರು ಬಂದರೂ ಕಳಿಸಬೇಡಿ

ಹಾಸ್ಟೆಲ್, ಯಲಹಂಕ
ಜೂನ್ 22, ಭಾನುವಾರ

ಅಪ್ಪ,

ನಿನ್ನ ಆಸೆಯಂತೆ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಸೇರಿಸುವ ದಿನ ಆಫೀಸಿನ ಟೇಬಲ್ ಕುಟ್ಟಿ, ‘ನನ್ನ ಮಗಳು ಮನೆಗೆ ಇಂಗ್ಲಿಷಲ್ಲಿ ಪತ್ರ ಬರೆಯೋದಾ? ಸಾಧ್ಯವೇ ಇಲ್ಲ ಕಣ್ರೀ’ ಎಂದೆಯಲ್ಲ, ಅದರ ಫಲ ಕೇಳು. ಇಲ್ಲಿನ ವಾರ್ಡನ್‌ಗೆ ಕನ್ನಡ ಓದಲು ಬರುವುದಿಲ್ಲ. ಹಾಗಾಗಿ ನನ್ನೊಬ್ಬಳ ಪತ್ರ ಓದುವುದಕ್ಕೆಂದೇ ಕನ್ನಡದ ಲೆಕ್ಚರರ್ ನಾಗೇಶ್ ಸಾರ್ ಅವರನ್ನು ಭಾನುವಾರವೂ ಕರೆಸುತ್ತಿದ್ದಾರೆ. ನಮಸ್ಕಾರ ಸಾರ್, ಓದ್ತಾ ಇದೀರಲ್ಲ?

ಫೋನ್ ತಿಂಗಳಿಗೊಂದು ಸಲ, ಆಫೀಸಿನಲ್ಲಿ, ಎಲ್ಲರಿಗೂ ಕೇಳಿಸುವ ಹಾಗೆ. ಉಳಿದಂತೆ ಕಾಗದವೇ ಗತಿ. ಭಾನುವಾರ ನಾವು ಬರೆದದ್ದನ್ನು ಓದಿ, ಸ್ಕ್ಯಾನ್ ಮಾಡಿ, ಮನೆಗೆ ಮೇಲ್ ಮಾಡುತ್ತಾರೆ. ಮನೆಯಿಂದ ಬಂದದ್ದನ್ನು ಶನಿವಾರ ಪ್ರಿಂಟ್ ತೆಗೆದು ಕೊಡುತ್ತಾರೆ. ಬೆಳಗ್ಗೆ ಐದಕ್ಕೆ ಗಂಟೆ ಹೊಡೆದರೆ ಮುಗಿಯಿತು, ಮಲಗುವ ತನಕ ಫಿಸಿಕ್ಸು, ಕೆಮಿಸ್ಟ್ರಿ, ಬಯಾಲಜಿ. ಎಲ್ಲ ಹೋದ ವರ್ಷ ಓದಿದ್ದೇ. ಕಿಟಕಿಗೆ ಸರಳು, ಸರಳಿನ ಮೇಲೆ ಜಾಲರಿ. ಜಕ್ಕೂರಿನ ಪುಟ್ಟ ವಿಮಾನಗಳು ಹೋಗುವುದು ಕೇಳಿಸುತ್ತದೆ, ಕಾಣಿಸುವುದಿಲ್ಲ. ಫ್ಯಾನಿನ ಬುಡಕ್ಕೆ ಒಂದು ದಪ್ಪ ಸ್ಪ್ರಿಂಗ್ ಹಾಕಿದ್ದಾರೆ. ಯಾಕೆ ಎಂದು ಕೇಳಿದೆ. ‘ಸೇಫ್ಟಿ’ ಎಂದು ಹೇಳಿ ವಾರ್ಡನ್ ಬೇರೆ ಮಾತು ತೆಗೆದರು.

ಗೇಟಿನಲ್ಲಿ ಒಂದು ರಿಜಿಸ್ಟರ್ ಇದೆ, ಒಬ್ಬೊಬ್ಬರಿಗೆ ಒಂದೊಂದು ಪುಟ. ಯಾರು ಬಂದು ಸಹಿ ಹಾಕಿದರೆ ನಮ್ಮನ್ನು ಹೊರಗೆ ಬಿಡಬಹುದೋ ಅವರ ಫೋಟೋ ಅದರಲ್ಲಿರುತ್ತದೆ. ನನ್ನ ರೂಮಿನಲ್ಲಿರುವ ಆರ್.ಟಿ. ನಗರದ ರುಖ್ಸಾರ್ ಪುಟದಲ್ಲಿ ಏಳು ಫೋಟೋ. ನನ್ನ ಪುಟದಲ್ಲಿ ನೀನು, ಅಮ್ಮ, ಕೆಳಗೆ ನಿನ್ನ ಮುತ್ತಿನಂಥ ಅಕ್ಷರದಲ್ಲಿ ‘ನಮ್ಮಿಬ್ಬರನ್ನು ಬಿಟ್ಟು ಬೇರೆ ಯಾರು ಬಂದರೂ ಕಳಿಸಬೇಡಿ.’ ಮೂವತ್ತಕ್ಕೆ ನೀವಿಬ್ಬರೂ ಕೆನಡಾಕ್ಕೆ ಹಾರುತ್ತೀರಿ. ಆಮೇಲೆ ನನಗೆ ಯಾರು?

ಪ್ರವಾಸದ ಬಗ್ಗೆ ನಾನು ಅಳುತ್ತಿಲ್ಲ. ನೀಟ್‌ನಲ್ಲಿ ಮೆಡಿಕಲ್ ಸೀಟು ಸಿಕ್ಕರೆ ಮಹತಿ ಅತ್ತೆಯ ಊರಿನ ರೋಡಿಯೋ, ಗೂಳಿ ಸವಾರಿ ನೋಡೋಣ ಎಂದು ಹೋದ ವರ್ಷವೇ ಮೂರು ಟಿಕೆಟ್ ತೆಗೆಸಿದ್ದೆ. ಸೀಟು ಸಿಗುವಷ್ಟು ಮಾರ್ಕ್ಸ್ ಬರಲಿಲ್ಲ, ನನ್ನ ಟಿಕೆಟ್ ರದ್ದು ಮಾಡಿದೆ, ಇನ್ನೊಂದು ವರ್ಷ ಓದು ಎಂದು ಇಲ್ಲಿ ತಂದು ಹಾಕಿದೆ. ಆಯ್ತು.

ಆದರೆ ಒಂದು ಕೆಲಸ ಮಾಡು ಅಪ್ಪ, ದಮ್ಮಯ್ಯ. ಸಿಇಟಿಯಲ್ಲಿ ವೆಟರ್ನರಿಗೆ ನನ್ನ ರ್‍ಯಾಂಕು ಚೆನ್ನಾಗಿ ಬಂದಿದೆ. ಹೆಬ್ಬಾಳದ ಕಾಲೇಜೇ ಸಿಗಬಹುದು. ಕಾಲೇಜಿನ ಆಯ್ಕೆ ತುಂಬಲು ಜುಲೈ 15ರ ಸಂಜೆ ಕೊನೆ. ಪಾಸ್‌ವರ್ಡ್ ನಿನ್ನ ಹತ್ತಿರ ಇದೆ, ಒಟಿಪಿ ಬರುವುದು ನಿನ್ನ ಫೋನಿಗೆ. ಹೆಬ್ಬಾಳ ಎಂದು ಒತ್ತಿದರೆ ಸಾಕು. ನನಗೆ ಅದು ಬೇಕು. ಇದು ಬೇಡ.

ನಿನ್ನ ಮಗಳು,
ಸಂಹಿತಾ

*

ಸಹಕಾರನಗರ
ಜೂನ್ 26

ಚಿ. ಸಂಹಿತಾಗೆ ಆಶೀರ್ವಾದಗಳು.

ಪತ್ರ ತಲುಪಿತು. ನಾಗೇಶ್ ಸಾರ್‌ಗೆ ನನ್ನ ನಮಸ್ಕಾರ ಹೇಳು. ಅಲ್ಲಮ್ಮ, ಮೇಷ್ಟ್ರು ಓದುವ ಕಾಗದದಲ್ಲೂ ನಿನ್ನ ನಾಲಿಗೆಗೆ ಬಿಡುವಿಲ್ಲವೇ? ಫ್ಯಾನಿಗೆ ಸ್ಪ್ರಿಂಗ್ ಹಾಕಿರುವುದು ಅಲುಗಾಡದಿರಲಿ ಎಂದಿರಬೇಕು. ಅದನ್ನೂ ಒಂದು ದೂರು ಮಾಡಬೇಡ.

ದನದ ಡಾಕ್ಟರಾಗುವುದಕ್ಕೆ ಇಷ್ಟೆಲ್ಲ ಓದಬೇಕಾಗಿತ್ತೇ? ಇಪ್ಪತ್ತಾರು ವರ್ಷ ಈ ಮೆಡಿಕಲ್ ಸ್ಟೋರಿನಲ್ಲಿ ಡಾಕ್ಟರುಗಳು ಗೀಚಿದ ಚೀಟಿ ಓದಿದ್ದೇನೆ. ನಿನ್ನೆ ಮೊನ್ನೆ ಪಾಸಾದ ಹುಡುಗರೂ ‘ಏನ್ರೀ, ಸರಿಯಾಗಿ ನೋಡಿ ಕೊಡ್ರೀ’ ಎಂದು ಗದರುತ್ತಾರೆ. ಒಂದು ಚೀಟಿಯ ಕೆಳಗಾದರೂ ನನ್ನ ಮಗಳ ಸಹಿ ನೋಡಿ ಕಣ್ಣು ಮುಚ್ಚಬೇಕು. ಹೋದ ಬೇಸಗೆ ಆ ಬೀದಿನಾಯಿಯನ್ನು ಹೊತ್ತುಕೊಂಡು ಹೆಬ್ಬಾಳದ ಪಶು ಆಸ್ಪತ್ರೆಗೆ ನಾಲ್ಕು ದಿನ ಅಲೆದೆ. ಆ ನಾಲ್ಕು ದಿನ ಪುಸ್ತಕ ಹಿಡಿದಿದ್ದರೆ ಇವತ್ತು ನೀನೂ ವಿಮಾನ ಹತ್ತುತ್ತಿದ್ದೆ. ನಿನ್ನ ಅಮ್ಮ ಸೀತಮ್ಮನವರು ನನ್ನ ಮೇಲೆ ಮುಖ ದಪ್ಪ ಮಾಡಿಕೊಂಡು ಸೂಟ್‌ಕೇಸಿಗೆ ಚಟ್ನಿಪುಡಿ ತುಂಬುತ್ತಿದ್ದಾರೆ. ಬರುವುದೇ ಇಲ್ಲ ಎಂದಿದ್ದಳು. ಟಿಕೆಟ್ ದಂಡವಾಗುತ್ತದೆ ಎಂದು ಒಪ್ಪಿಸಿದ್ದೇನೆ.

ಗೇಟಿನ ಪುಸ್ತಕದಲ್ಲಿ ನಾನು ಬರೆದದ್ದು ಯೋಚಿಸಿಯೇ. ನಮ್ಮ ಅಂಗಡಿಯ ರಿಯಾಜ್‌ಗೆ ನಿನ್ನ ಮೇಲೆ ಕರುಣೆ ಜಾಸ್ತಿ. ನೀನೊಮ್ಮೆ ಅತ್ತರೆ ‘ಅಣ್ಣ ಕಳ್ಸಿದ್ರು’ ಎಂದು ಸುಳ್ಳು ಹೇಳಿ ಕರೆದುಕೊಂಡು ಬರುವ ಆಸಾಮಿ ಅವನು. ಮೂರು ವಾರ ಗಟ್ಟಿ ಮನಸ್ಸು ಮಾಡು. ಹೆಬ್ಬಾಳದ ಮಾತು ಇಲ್ಲಿಗೆ ಬಿಡು. ಎರಡು ದೋಣಿಯಲ್ಲಿ ಕಾಲಿಟ್ಟವರು ದಡ ಸೇರಿದ್ದನ್ನು ನಾನು ನೋಡಿಲ್ಲ.

ನಿನ್ನ ತಂದೆ,
ತ್ರಿವಿಕ್ರಮ

*

ಹಾಸ್ಟೆಲ್
ಜೂನ್ 29, ಭಾನುವಾರ

ಅಪ್ಪ,

ನನ್ನದು ಒಂದೇ ದೋಣಿ. ಹತ್ತಲು ಬಿಡದವನು ನೀನು.

ನಾಳೆ ಹೊರಡುತ್ತೀರಿ. ಅಮ್ಮನಿಗೆ ವಿಮಾನದಲ್ಲಿ ಕಿವಿ ಕಟ್ಟುತ್ತದೆ, ಹತ್ತಿ ಇಟ್ಟುಕೊಳ್ಳಲು ಹೇಳು. ನಿಜವಾಗಿ ಹೇಳುತ್ತೇನೆ, ನಿಮ್ಮ ಮೇಲೆ ಹೊಟ್ಟೆಕಿಚ್ಚಿಲ್ಲ. ಸ್ವಲ್ಪ ಇದೆ. ಕುದುರೆಗಳನ್ನು ನೋಡುವಾಗ ಅವುಗಳ ಕಾಲು ನೋಡು ಅಪ್ಪ, ಎಲ್ಲರೂ ಮುಖ ನೋಡುತ್ತಾರೆ.

ನಿನ್ನೆ ಟೆಸ್ಟ್ ಆಯಿತು. ಮಾರ್ಕ್ಸ್ ಬಂದ ಕ್ರಮದಲ್ಲೇ ಬೆಂಚಿನಲ್ಲಿ ಕೂರಿಸುತ್ತಾರೆ. ನಾನು ಒಂಬತ್ತನೇ ಬೆಂಚು. ರುಖ್ಸಾರ್ ಕೊನೆಯದು.

(ಇಲ್ಲಿ ನಾಲ್ಕು ಸಾಲುಗಳಿಗೆ ಕಪ್ಪು ಮಸಿ ಬಳಿದಿದೆ.)

ಹೆಬ್ಬಾಳದ ಮಾತು ಬಿಡು ಎಂದೆ. ಬಿಡುವುದಿಲ್ಲ. ಜುಲೈ 15. ನೆನಪಿಸುತ್ತಲೇ ಇರುತ್ತೇನೆ, ನೀನು ಬೈಯುತ್ತಲೇ ಇರು.

ಸಂಹಿತಾ

*

ಕ್ಯಾಲ್ಗರಿ
ಜುಲೈ 7, ಸೋಮವಾರ

ಚಿ. ಸಂಹಿತಾಗೆ ಆಶೀರ್ವಾದಗಳು.

ನಿನ್ನಪ್ಪ ಬಿಳಿ ಕೌಬಾಯ್ ಟೋಪಿ ಹಾಕಿಕೊಂಡು ಈ ಕಾಗದ ಬರೆಯುತ್ತಿದ್ದಾನೆ. ನಗಬೇಡ. ರೋಡಿಯೋ ಹಬ್ಬದ ಈ ಹತ್ತು ದಿನ ಇಲ್ಲಿ ಬ್ಯಾಂಕ್ ಮ್ಯಾನೇಜರಿಗೂ ಟೋಪಿ, ಬಸ್ ಓಡಿಸುವ ಹೆಂಗಸಿಗೂ ಟೋಪಿ. ಬೋಳುತಲೆಯವರಿಗೆ ಇಂಥ ಹಬ್ಬ ಬೇರೆ ಇಲ್ಲ.

ಬೆಳಗ್ಗೆ ಬೀದಿಬೀದಿಯಲ್ಲಿ ಪುಕ್ಕಟೆ ಪ್ಯಾನ್‌ಕೇಕ್ ಕೊಡುತ್ತಾರೆ. ನಿನ್ನ ನಿರಂಜನ ಮಾವ ಅವರ ಬಡಾವಣೆಯ ಕಾವಲಿ ಮುಂದೆ ನಿಂತು, ಏಪ್ರನ್ ಕಟ್ಟಿಕೊಂಡು, ನೂರಾರು ಜನಕ್ಕೆ ಮಗುಚಿ ಹಾಕಿದರು. ನಾನೂ ತಟ್ಟೆ ಹಿಡಿದು ಕ್ಯೂ ನಿಂತೆ. ಹೆಚ್ಚೂ ಕಡಿಮೆ ನಮ್ಮ ಗೋಧಿ ಸಿಹಿದೋಸೆಯೇ. ಅದೇ ಕಾವಲಿಯ ಆ ತುದಿಯಲ್ಲಿ ಹಂದಿಮಾಂಸದ ಸಾಸೇಜು ಬೇಯುತ್ತಿತ್ತು. ನಾನು ಅದನ್ನು ನೋಡದವನ ಹಾಗೆ ನನ್ನ ಪ್ಯಾನ್‌ಕೇಕ್ ತಿಂದೆ. ನಿನ್ನಮ್ಮ ನೋಡಿಬಿಟ್ಟಳು. ಅಲ್ಲೇ ಫುಟ್‌ಪಾತಿನಲ್ಲಿ ಕೂತು ಬ್ಯಾಗಿನಿಂದ ಚಪಾತಿ ತೆಗೆದಳು. ಮಹತಿಗೆ ಮುಜುಗರ, ನನಗೆ ನಗು.

ಮಧ್ಯಾಹ್ನ ರೋಡಿಯೋ. ನಾನು ಮಾಕಳಿಯಲ್ಲಿ ಚಿಕ್ಕವನಿದ್ದಾಗ ಒಂದು ಎತ್ತು ಬೆದರಿ ಓಡಿದರೆ ಊರೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಇಲ್ಲಿ ದುಡ್ಡು ಕೊಟ್ಟು ನೋಡುತ್ತಾರೆ! ಕಬ್ಬಿಣದ ದೊಡ್ಡಿಯೊಳಗೆ ಗೂಳಿ, ಅತ್ತಿತ್ತ ತಿರುಗಲೂ ಜಾಗವಿಲ್ಲ. ಮೇಲಿನಿಂದ ಹುಡುಗ ಇಳಿದು ಬೆನ್ನ ಮೇಲೆ ಕೂರುತ್ತಾನೆ, ಹಗ್ಗವನ್ನು ಒಂದೇ ಕೈಗೆ ಸುತ್ತಿಕೊಳ್ಳುತ್ತಾನೆ. ಆ ಕೈಗೆ ಎಷ್ಟು ಟೇಪು ಸುತ್ತಿದ್ದನೆಂದರೆ ನಮ್ಮ ಅಂಗಡಿಯ ಒಂದು ತಿಂಗಳ ಸ್ಟಾಕು ಅವನೊಬ್ಬನ ಮೇಲಿತ್ತು. ಬಾಗಿಲು ತೆಗೆದದ್ದೇ ತಡ, ಅಯ್ಯೋ ದೇವರೇ, ಗೂಳಿ ನಾಲ್ಕೂ ಕಾಲು ನೆಲ ಬಿಟ್ಟು ಎಗರಿತು. ಎಂಟು ಸೆಕೆಂಡು ಕೂತಿದ್ದರೆ ಗೆದ್ದಂತೆ. ಮೊದಲನೆಯವನು ಎರಡೇ ಸೆಕೆಂಡಿಗೆ ಮಣ್ಣು ಮುಕ್ಕಿದ. ಐದನೆಯವನು ಹಲ್ಲು ಕಚ್ಚಿ ಕೂತ. ಎಂಟು! ನಾನು ಟೋಪಿ ಎಸೆದು ಕೂಗಿದೆ.

ಆಗ ನಿನ್ನ ನೆನಪಾಯಿತು ಮಗಳೇ. ಹಿಡಿದುಕೊಂಡವನೇ ಗೆಲ್ಲುವುದು. ಅವನು ಎಂಟು ಸೆಕೆಂಡು ಹಿಡಿದ, ನೀನು ಹತ್ತು ತಿಂಗಳು ಹಿಡಿದುಕೊ, ಅಷ್ಟೇ ವ್ಯತ್ಯಾಸ.

ಆಮೇಲೆ ಕರು ಕಟ್ಟುವ ಪಂದ್ಯ. ಕರುವನ್ನು ಬಿಡುತ್ತಾರೆ, ಅದು ಓಡುತ್ತದೆ, ಕುದುರೆಯ ಮೇಲಿನವನು ಬೆನ್ನಟ್ಟಿ ಕುತ್ತಿಗೆಗೆ ಹಗ್ಗ ಎಸೆದು, ಹಾರಿ ಇಳಿದು, ಅದನ್ನು ಕೆಡವಿ ಮೂರು ಕಾಲು ಸೇರಿಸಿ ಕಟ್ಟಿ ಕೈ ಎತ್ತುತ್ತಾನೆ. ಒಬ್ಬ ಏಳೂವರೆ ಸೆಕೆಂಡಿನಲ್ಲಿ ಮುಗಿಸಿದ! ಎಂಥ ಏಕಾಗ್ರತೆ! ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ನಿನ್ನಮ್ಮ ಎದ್ದು ಹೊರಟೇಬಿಟ್ಟಳು. ‘ಎಲ್ಲಿಗೇ?’ ಎಂದೆ. ತಿರುಗಿಯೂ ನೋಡಲಿಲ್ಲ. ಸಂಭ್ರಮದ ಮಧ್ಯೆ ಮುಖ ಗಂಟಿಕ್ಕುವುದು ಅವಳ ತವರಿನಿಂದ ಬಂದ ವಿದ್ಯೆ.

ಮನಸ್ಸಿಟ್ಟು ಓದು.

ನಿನ್ನ ತಂದೆ,
ತ್ರಿವಿಕ್ರಮ

*

ಕ್ಯಾಲ್ಗರಿ
ಜುಲೈ 8

ಪುಟ್ಟಿ,

ಇದನ್ನು ಮಹತಿಯ ಮೇಲ್‌ನಿಂದ ಕಳಿಸುತ್ತಿದ್ದೇನೆ. ನಿನ್ನಪ್ಪನಿಗೆ ಗೊತ್ತಿಲ್ಲ.

ಈ ಭಾನುವಾರ ನಿನ್ನ ಕಾಗದ ಬರಲಿಲ್ಲ. ಅಪ್ಪ ‘ಓದ್ತಿದಾಳೆ ಬಿಡು’ ಎಂದರು. ನೀನು ಜಗಳ ಆಡುವ ಅವಕಾಶ ಬಿಡುವವಳಲ್ಲ ಎಂದು ನನಗೆ ಗೊತ್ತು. ಅವತ್ತಿಂದ ಅನ್ನ ಇಳಿಯುತ್ತಿಲ್ಲ.

ನಿನ್ನೆ ರೋಡಿಯೋದಲ್ಲಿ ನಾನು ಎದ್ದು ಹೋದದ್ದು ಕರುವನ್ನು ನೋಡಲಾಗದೆ. ಗ್ಯಾಲರಿಯ ಹಿಂದೆ ದೊಡ್ಡಿಗಳಿದ್ದವು, ಬೇಲಿಯ ಹತ್ತಿರ ನಿಂತೆ. ಒಬ್ಬಳು ಹುಡುಗಿ, ನಿನಗಿಂತ ಐದಾರು ವರ್ಷ ದೊಡ್ಡವಳಿರಬೇಕು, ಮಂಡಿಯೂರಿ ಕೂತು ಒಂದು ಕರುವಿನ ಕುತ್ತಿಗೆ, ಕಾಲು ಎಲ್ಲ ಮುಟ್ಟಿಮುಟ್ಟಿ ನೋಡುತ್ತಿದ್ದಳು. ಅವಳು ವೆಟರ್ನರಿ ಡಾಕ್ಟರು ಎಂದು ಆಮೇಲೆ ತಿಳಿಯಿತು. ಇವತ್ತಿಗೆ ಇದು ಸಾಕು ಎಂದು ಹೇಳಿ ಆ ಕರುವನ್ನು ಬೇರೆ ಕಡೆ ಕಟ್ಟಿಸಿದಳು. ದೊಡ್ಡ ದೊಡ್ಡ ಟೋಪಿಯ ಗಂಡಸರು ‘ಸರಿ ಡಾಕ್ಟರ್’ ಎಂದರು. ನನಗೆ ಕಣ್ಣು ತುಂಬಿ ಬಂತು. ನನ್ನ ಇಂಗ್ಲಿಷು ನಿನಗೆ ಗೊತ್ತಲ್ಲ, ‘ಮೈ ಡಾಟರ್ ಆಲ್ಸೋ’ ಎಂದೆ. ಅವಳು ನಕ್ಕಳು.

ರಾತ್ರಿ ಊಟಕ್ಕೆ ಕೂತಾಗ ನಿನ್ನಪ್ಪ ಮತ್ತೆ ಆ ಎಂಟು ಸೆಕೆಂಡಿನ ಪುರಾಣ ತೆಗೆದರು. ‘ಆ ಹುಡುಗ ತಾನಾಗೇ ಹತ್ತಿ ಕೂತಿದ್ದ ಕಣ್ರೀ. ನಿಮ್ಮ ಮಗಳನ್ನ ಕಾಲು ಕಟ್ಟಿ ಕೆಡವಿದೀರಿ’ ಎಂದೆ. ಆಗಿನಿಂದ ನಮ್ಮಿಬ್ಬರಿಗೂ ಮಾತಿಲ್ಲ.

ಫ್ಯಾನಿನ ಸ್ಪ್ರಿಂಗ್ ವಿಷಯ ಅವರಿಗೆ ಅರ್ಥವಾಗಲಿಲ್ಲ. ನನಗಾಯಿತು, ಯಾರಾದರೂ ಜೋತುಬಿದ್ದರೆ ಫ್ಯಾನು ಕೆಳಗಿಳಿಯಲಿ ಎಂದು ಹಾಕಿರುವುದು ಅದು. ನಿನ್ನನ್ನು ಬಿಟ್ಟು ವಿಮಾನ ಹತ್ತಿದೆನಲ್ಲ, ಟಿಕೆಟ್ಟಿನ ಮುಖ ನೋಡಿ ಬಂದೆನಲ್ಲ ಎಂದು ನನ್ನನ್ನೇ ಶಪಿಸಿಕೊಳ್ಳುತ್ತಿದ್ದೇನೆ.

ನನಗೆ ಆಯ್ಕೆ ತುಂಬಲು ಬರುವುದಿಲ್ಲ, ಫೋನು, ಪಾಸ್‌ವರ್ಡು ಎಲ್ಲ ಅವರ ಕೈಯಲ್ಲಿ. ಆದರೆ ಅವರನ್ನು ಬಗ್ಗಿಸುವುದು ನನಗೆ ಬರುತ್ತದೆ. ಅದಕ್ಕೆ ನಿನ್ನ ಬಾಯಿಂದ ಒಂದು ಮಾತು ಬೇಕು. ಅಲ್ಲಿರಲು ಆಗುತ್ತಿಲ್ಲ ಎಂದರೆ ಬರೀ ‘ಹೂಂ’ ಎಂದು ಬರೆ. ಒಂದು ಹೂಂ ಸಾಕು. ಹದಿನೈದರೊಳಗೆ ಹೆಬ್ಬಾಳ ತುಂಬಿಸಿ, ಸಿಕ್ಕಿದ ವಿಮಾನ ಹತ್ತಿಸಿ ಅವರನ್ನು ಕರೆತರುತ್ತೇನೆ.

ಇದನ್ನು ಓದುವ ಮೇಷ್ಟ್ರೇ, ನಿಮಗೆ ಕೈಮುಗಿಯುತ್ತೇನೆ. ಇದನ್ನು ನನ್ನ ಮಗಳಿಗೆ ಕೊಡಿ, ಅವಳು ಬರೆದದ್ದನ್ನು ನನಗೆ ಕಳಿಸಿ.

ಅಮ್ಮ

*

ಹಾಸ್ಟೆಲ್
ಜುಲೈ 13, ಭಾನುವಾರ

ಪೂಜ್ಯ ತಂದೆ ತಾಯಿಯವರಿಗೆ ಸಂಹಿತಾ ಮಾಡುವ ಸಾಷ್ಟಾಂಗ ಪ್ರಣಾಮಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನಿಮ್ಮ ಕ್ಷೇಮದ ಬಗ್ಗೆ ಪತ್ರ ಬರೆಯುತ್ತಿರಿ. ಇಲ್ಲಿನ ವಾತಾವರಣವು ವ್ಯಾಸಂಗಕ್ಕೆ ಬಹಳ ಅನುಕೂಲಕರವಾಗಿದೆ. ಉಪನ್ಯಾಸಕರೆಲ್ಲರೂ ಶ್ರದ್ಧೆಯಿಂದ ಬೋಧಿಸುತ್ತಾರೆ. ಊಟೋಪಚಾರ ಚೆನ್ನಾಗಿದೆ. ಮೊದಲ ದಿನಗಳಲ್ಲಿ ಮನೆಯ ನೆನಪಿನಿಂದ ಏನೇನೋ ಬರೆದಿದ್ದರೆ ಕ್ಷಮಿಸಬೇಕು. ವೈದ್ಯಳಾಗಿ ನಿಮ್ಮ ಹೆಸರು ಉಳಿಸುವುದೇ ನನ್ನ ಗುರಿ. ಆದ್ದರಿಂದ ಪಶುವೈದ್ಯ ಕಾಲೇಜಿನ ವಿಚಾರವನ್ನು ಕೈಬಿಟ್ಟಿದ್ದೇನೆ. ನೀವು ನಿಶ್ಚಿಂತೆಯಿಂದ ಪ್ರವಾಸ ಮುಗಿಸಿಕೊಂಡು ಬನ್ನಿ.

ಇಂತಿ ನಿಮ್ಮ ವಿಧೇಯ ಮಗಳು,
ಸಂಹಿತಾ

*

ಕ್ಯಾಲ್ಗರಿ
ಜುಲೈ 13

ನನ್ನ ಬಂಗಾರದ ಮಗಳಿಗೆ,

ಬೆಳಗ್ಗೆ ಏಳುವಷ್ಟರಲ್ಲಿ ನಿನ್ನ ಪತ್ರ ಬಂದಿತ್ತು. ಇವತ್ತು ಇಲ್ಲಿ ಹಬ್ಬದ ಕೊನೆಯ ದಿನ. ಪ್ಯಾನ್‌ಕೇಕ್ ಕ್ಯೂನಲ್ಲೇ ನಿಂತು ಮಹತಿ, ನಿರಂಜನ ಮಾವ ಎಲ್ಲರಿಗೂ ಜೋರಾಗಿ ಓದಿ ಹೇಳಿದೆ. ಏನು ಭಾಷೆ, ಏನು ವಿನಯ! ‘ಹದಿನೈದು ದಿನದಲ್ಲಿ ಹುಡುಗಿ ಹೇಗೆ ಬದಲಾದಳು ನೋಡಿ’ ಎಂದೆ. ಮಹತಿಯ ಕಣ್ಣಲ್ಲಿ ನೀರು. ನಾನು ಎರಡು ಪ್ಯಾನ್‌ಕೇಕ್ ಜಾಸ್ತಿ ತಿಂದೆ.

ನಿನ್ನಮ್ಮ ಕಾಗದವನ್ನು ಕೈಗೆ ಇಸಕೊಂಡು ಮೂರು ಸಲ ಓದಿದಳು. ‘ಇದರಲ್ಲಿ ಒಂದು ಜಗಳನೂ ಇಲ್ವಲ್ರೀ’ ಎಂದಳು. ಜಗಳ ಇಲ್ಲದ್ದಕ್ಕೆ ಅಳುವ ತಾಯಿಯನ್ನು ನಾನು ಇಲ್ಲೇ ನೋಡಿದ್ದು. ‘ಈಗ್ಲೇ ಹೊರಡೋಣ, ಹೆಬ್ಬಾಳ ತುಂಬ್ರೀ’ ಎಂದು ಹಠ. ಅವಳೇ ಬೇಡ ಎಂದು ಬರೆದ ಮೇಲೆ ತುಂಬಲು ನನಗೇನು ಹುಚ್ಚೇ? ಇಪ್ಪತ್ತಕ್ಕೆ ಇಲ್ಲಿಂದ ಹೊರಡುತ್ತೇವೆ. ನಿನಗೊಂದು ಟೋಪಿ ತೆಗೆದಿಟ್ಟಿದ್ದೇನೆ.

ನಿನ್ನ ಹೆಮ್ಮೆಯ ತಂದೆ,
ತ್ರಿವಿಕ್ರಮ

*

ಯಲಹಂಕ
ಜುಲೈ 15, ಸಂಜೆ 7

ಶ್ರೀ ತ್ರಿವಿಕ್ರಮ ಅವರಿಗೆ,

ಇದನ್ನು ನನ್ನ ಸ್ವಂತ ಮೇಲ್‌ನಿಂದ ಬರೆಯುತ್ತಿದ್ದೇನೆ. ನಾನು ನಿಮ್ಮ ಮಗಳ ಪತ್ರಗಳನ್ನು ಓದುವವನು.

13ರಂದು ನಿಮಗೆ ಬಂದದ್ದು ಆಕೆಯ ನಾಲ್ಕನೆಯ ಪ್ರತಿ. ಮೊದಲನೆಯದು ಎರಡು ಪುಟ ಇತ್ತು. ಪ್ರವಾಸದಲ್ಲಿರುವ ಪೋಷಕರ ಮನಸ್ಸು ಕೆಡಿಸುವಂಥದ್ದು ಹೋಗಬಾರದು ಎಂದು ಮೇಲಿನವರ ಅಪ್ಪಣೆ. ವಾಪಸ್ ಕೊಟ್ಟೆ. ಎರಡನೆಯದರಲ್ಲಿ ಒಂದೇ ಸಾಲು, ‘ಅಮ್ಮ, ಬಂದು ಕರ್ಕೊಂಡು ಹೋಗು.’ ಅದನ್ನೂ ಕೊಟ್ಟೆ. ಮೂರನೆಯದರಲ್ಲಿ ‘ಹೂಂ’ ಎಂದು ಮಾತ್ರ ಇತ್ತು. ನಿಮ್ಮ ಶ್ರೀಮತಿಯವರು ನನಗೆ ಕೈಮುಗಿದು ಬರೆದದ್ದನ್ನು ಓದಿದ್ದೆ. ಆ ಹೂಂ ಎಂದರೇನೆಂದು ನನಗೆ ಗೊತ್ತಿತ್ತು. ಅದನ್ನೂ ವಾಪಸ್ ಕೊಟ್ಟೆ ಸ್ವಾಮಿ. ನಾಲ್ಕನೆಯದನ್ನು ನಾನೇ ಹೇಳಿ ಬರೆಸಿದೆ. ಆ ಭಾಷೆ ನನ್ನದು. ಮುಗಿಸಿ ‘ಆಯ್ತಾ ಸಾರ್?’ ಎಂದು ಕೇಳಿದಳು, ಪೆನ್ನಿನ ಕ್ಯಾಪು ಹಾಕಿ ಹೋದಳು.

ಜೂನ್ 29ರ ಪತ್ರದಲ್ಲಿ ನಾನು ಮಸಿ ಬಳಿದದ್ದು ಇದು: ‘ರುಖ್ಸಾರ್ ಒಂಬತ್ತು ದಿನದಿಂದ ಯಾರ ಜೊತೆಗೂ ಮಾತಾಡಿಲ್ಲ, ತಟ್ಟೆ ಮುಂದೆ ಸುಮ್ಮನೆ ಕೂತಿರುತ್ತಾಳೆ. ನನಗೂ ಹಾಗೇ ಆಗುತ್ತದೇನೋ ಎಂದು ಭಯ ಅಪ್ಪ.’ ಜುಲೈ 6ರ ಪತ್ರವನ್ನು ಕಳಿಸಲೇ ಇಲ್ಲ. ರುಖ್ಸಾರ್‌ಳನ್ನು ಹೋದ ವಾರ ಅವಳ ಅಜ್ಜಿ ಫಖ್ರುನ್ನೀಸಾ ಅವರು ಬಂದು ಕರೆದುಕೊಂಡು ಹೋದರು. ಭಾನುವಾರದಿಂದ ಈಚೆಗೆ ನಿಮ್ಮ ಮಗಳೂ ಮಾತಾಡುತ್ತಿಲ್ಲ. ಊಟ ಮಾಡುತ್ತಿಲ್ಲ. ಇದನ್ನು ನಿಮಗೆ ಹೇಳದೆ ಇರಲು ಇನ್ನು ನನ್ನಿಂದ ಆಗದು.

ಆಯ್ಕೆ ತುಂಬಲು ಇವತ್ತು ಸಂಜೆ ಕೊನೆ ಎಂದು ನನಗೆ ತಿಳಿದಿತ್ತು. ಎರಡು ದಿನ ಮೊಬೈಲು ಕೈಯಲ್ಲಿ ಹಿಡಿದು ಕೂತಿದ್ದೆ. ಎಷ್ಟೋ ಕಾಲೇಜು ಸುತ್ತಿದ ಮೇಲೆ ಸಿಕ್ಕ ಕೆಲಸ, ಹೆದರಿದೆ. ಕ್ಷಮೆ ಕೇಳುವ ಮುಖ ನನಗಿಲ್ಲ.

ನಾಗೇಶ್

*

ಕ್ಯಾಲ್ಗರಿ
ಜುಲೈ 15

ಸಂಹಿತಾ,

ನಾಗೇಶ್ ಅವರ ಪತ್ರ ಓದಿದಾಗ ಇಲ್ಲಿ ಬೆಳಗ್ಗೆ ಎಂಟು ಗಂಟೆ. ಓಡಿ ಹೋಗಿ ವೆಬ್‌ಸೈಟ್ ತೆರೆದೆ. ಮುಚ್ಚಿ ಎರಡೂವರೆ ಗಂಟೆಯಾಗಿತ್ತು. ಮತ್ತೊಂದು ಸುತ್ತು ಇದ್ದರೂ ಇರಬಹುದು ಎನ್ನುತ್ತಾರೆ, ಈ ಸುತ್ತಿನಲ್ಲಿ ಹೆಸರೇ ಕೊಡದವರಿಗೆ ಅದೂ ಇಲ್ಲ ಎನ್ನುತ್ತಾರೆ. ಹೆಬ್ಬಾಳ ತಪ್ಪಿಸಿದವನು ನಾನು. ನೀನು ಮೂರು ವಾರ ಮೊದಲೇ ಕೇಳಿದ್ದೆ.

ಹಾಸ್ಟೆಲಿಗೆ ಫೋನು ಮಾಡಿದೆ. ನಿನ್ನನ್ನು ಕರೆಯಿರಿ ಎಂದೆ, ಸ್ಟಡಿ ಅವರ್ ಎಂದರು. ರಿಯಾಜ್‌ನನ್ನು ಕಳಿಸುತ್ತೇನೆ, ಬಿಟ್ಟುಕೊಡಿ ಎಂದೆ. ಅರ್ಧ ಗಂಟೆಯಲ್ಲಿ ಅವನು ಗೇಟಿನಲ್ಲಿದ್ದ. ಬಿಡಲಿಲ್ಲ. ವಿಡಿಯೋದಲ್ಲಿ ನನ್ನ ಮುಖ ನೋಡಿ, ಬೇಕಾದಲ್ಲಿ ಸಹಿ ಹಾಕಿ ಕಳಿಸುತ್ತೇನೆ ಎಂದು ಕೂಗಾಡಿದೆ. ರಿಜಿಸ್ಟರಿನಲ್ಲಿ ನಾನು ಬರೆದದ್ದನ್ನು ಆ ವಾರ್ಡನ್ ಯಾರದೋ ಕೈಯಲ್ಲಿ ಓದಿಸಿ ಫೋನಿನಲ್ಲಿ ನನಗೇ ಕೇಳಿಸಿದರು. ‘ನೀವೇ ಬರೆದದ್ದಲ್ವಾ ಸಾರ್?’ ಎಂದು ಕೇಳಿದರು. ಹೌದು ಎಂದೆ. ರಿಯಾಜ್ ಇನ್ನೂ ಗೇಟಿನ ಹೊರಗೆ ಸ್ಕೂಟರಿನ ಮೇಲೆ ಕೂತಿದ್ದಾನೆ. ಹೋಗು ಎಂದರೂ ಹೋಗುತ್ತಿಲ್ಲ.

ನಿನ್ನಮ್ಮ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಹತಿಯ ಕೈಯಲ್ಲಿ ಟಿಕೆಟ್ ಬದಲಾಯಿಸಿದ್ದಾಳೆ. ನಾಳೆ ಬೆಳಗ್ಗೆ ಇಲ್ಲಿಂದ ಹೊರಟರೆ ಶುಕ್ರವಾರ ಬೆಳಗ್ಗೆ ದೇವನಹಳ್ಳಿಯಲ್ಲಿ ಇಳಿಯುತ್ತೇವೆ. ಅಲ್ಲಿಂದ ಮನೆಗೆ ಹೋಗುವುದಿಲ್ಲ, ನೇರ ನಿನ್ನ ಹತ್ತಿರ. ಎರಡು ದಿನ ಮಗಳೇ. ನಾನು ವಿಮಾನದಲ್ಲಿ ಕೂತಿರುವಷ್ಟು ಹೊತ್ತೂ ನೀನು ಆ ಕೋಣೆಯಲ್ಲಿರುತ್ತೀಯ, ಅದೊಂದನ್ನು ಯೋಚಿಸಲು ನನಗೆ ಆಗುತ್ತಿಲ್ಲ. ಒಂದು ತುತ್ತು ತಿನ್ನು. ಯಾರ ಜೊತೆಗಾದರೂ ಮಾತಾಡು, ನನ್ನನ್ನು ಬೈಯುವುದಕ್ಕಾದರೂ ಬಾಯಿ ತೆಗೆ.

ಡಾಕ್ಟರು ಬೇಡ, ಸಹಿ ಬೇಡ, ನನಗೆ ಇನ್ನೇನೂ ಬೇಡ. ಮನೆಗೆ ಬಾ.

ನಿನ್ನನ್ನು ತಲುಪಲು ಬೇರೆ ದಾರಿಯಿಲ್ಲದೆ ಇದನ್ನು ಬರೆದು ಆಫೀಸಿಗೆ ಕಳಿಸುತ್ತಿದ್ದೇನೆ. ಇದರ ಪ್ರಿಂಟು ನಿನ್ನ ಕೈಗೆ ಸಿಗುವುದು ಶನಿವಾರ. ಶುಕ್ರವಾರವೇ ನಾನು ಗೇಟಿನಲ್ಲಿರುತ್ತೇನೆ. ಈ ಪತ್ರ ನಿನಗೆ ಸಿಗದೇ ಇರಲಿ.

ಅಪ್ಪ